ಬುಡ ನೋಡಿ ಬುಟ್ಟಿಗೆ

ಮೃಗಶಿರಾ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಹಿಂದಿನ ರಾತ್ರಿ ಗುಡುಗು ಜೋರಾಗಿತ್ತು. ಬೆಳಗಿನ ಕಾಫಿ ಕುಡಿದ ಅತ್ತೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಕಂಕುಳಿಗೆ ಬುಟ್ಟಿ ಸಿಕ್ಕಿಸಿ, ಕೈಗೊಂದು ಮೊಂಡು ಕತ್ತಿ ಹಿಡಿದು ತೋಟದಾಚೆಯ ಸೊಪ್ಪಿನ ಬೆಟ್ಟಕ್ಕೆ ಹೊರಟರು. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. ಅಣಬೆ ಏಳುವ ಜಾಗವನ್ನು ಮಲೆನಾಡಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆವತ್ತು ನನ್ನನ್ನು ಜೊತೆಗೆ ಕರೆದದ್ದೇ ಹೆಚ್ಚು.

ಹಳೆಯ ಹುತ್ತವೊಂದು ಮಳೆಗೆ ಕರಗಿ ನೆಲಕ್ಕೆ ಸಮವಾಗಿದ್ದ ಕಡೆ ದರಗು ಅಲ್ಲಲ್ಲಿ ಉಬ್ಬಿತ್ತು. ಸರಿಸಿದರೆ ಬೂದುಗಂದು ಬಣ್ಣದ ಚೂಪು ಮೊಗ್ಗುಗಳು, ನಡುವೆ ಅರಳಿ ನಿಂತ ಐದಾರು ಕೊಡೆಗಳು. ನಾನು ಒಂದರ ಕತ್ತು ಹಿಡಿದು ಎಳೆಯಹೋದೆ.

“ಹಂಗೆ ಎಳೀಬೇಡ ಮಾರಾಯ, ಮುರೀತದೆ. ಬುಡ ಬಿಡಿಸಿ ನೋಡು.”

ಅತ್ತೆ ಕುಕ್ಕರಗಾಲಲ್ಲಿ ಕೂತು ಕತ್ತಿಯ ಹಿಂಬದಿಯಿಂದ ಕಾಲಿನ ಸುತ್ತ ಮಣ್ಣು ಕೆದಕಿದರು. ಮೇಲೆ ಹೆಬ್ಬೆರಳ ದಪ್ಪವಿದ್ದ ಬಿಳಿ ಕಾಲು ನೆಲದೊಳಗೆ ಹೋದಂತೆ ಸಣ್ಣಗಾಗುತ್ತ, ಸಿಪ್ಪೆ ಕಪ್ಪಾಗುತ್ತ, ಬೇರಿನ ಹಾಗೆ ಕೆಳಕ್ಕೆ ಇಳಿಯುತ್ತಲೇ ಇತ್ತು. ಒಂದು ಗೇಣು ಅಗೆದರೂ ತುದಿ ಸಿಗಲಿಲ್ಲ. “ಬೇರು ಹುತ್ತಕ್ಕೆ ಹೋಗ್ತದೆ. ಹೋದ್ರೆ ನಮ್ಮದು. ಹೋಗ್ಲಿಲ್ಲಾಂದ್ರೆ ಅದರ ಪಾಡಿಗೆ ಅದು” ಅಂದರು.

ಎರಡು ಮಾರು ಆಚೆ ಇನ್ನೊಂದು ಅಣಬೆ ನಿಂತಿತ್ತು. ಮೇಲಿಂದ ನೋಡಿದರೆ ಅಂಥದ್ದೇ ಮಾಸಲು ಬಿಳಿ ಕೊಡೆ. ಅತ್ತೆ ಅದರ ಬುಡವನ್ನೂ ಕೆದಕಿದರು. ಬೇರಿರಲಿಲ್ಲ. ಗುಂಡಗೆ ಊದಿದ ಗಡ್ಡೆ, ಅದರ ಸುತ್ತ ಹರಿದ ಚೀಲದಂಥ ಬಿಳಿ ಪೊರೆ. ಅವರು ಮಾತಾಡದೆ ದರಗನ್ನು ಅದರ ಮೇಲೆ ಎಳೆದು, ಕೈಯನ್ನು ಒದ್ದೆ ಹುಲ್ಲಿಗೆ ಒರೆಸಿಕೊಂಡು ಎದ್ದರು.

ಅಣಬೆ ಗುರುತಿಸುವ ಬಗ್ಗೆ ಆಮೇಲೆ ಎಷ್ಟೋ ಪುಸ್ತಕ ಓದಿದ್ದೇನೆ. ಆ ಹತ್ತು ನಿಮಿಷ ಕಲಿಸಿದ್ದರ ಮುಂದೆ ಅವೆಲ್ಲ ಅಡಿಟಿಪ್ಪಣಿಯಷ್ಟೇ. ನಮ್ಮ ಕಣ್ಣು ಹೋಗುವುದು ಕೊಡೆಯ ಮೇಲೆ, ಗುರುತು ಇರುವುದು ಬುಡದಲ್ಲಿ. ಬೇರು ಹುತ್ತಕ್ಕೆ ಇಳಿಯುವ ಆ ಅಣಬೆಗೆ ನಮ್ಮ ಕಡೆ ಹೆಗ್ಗಾಲಣಬೆ ಅನ್ನುತ್ತಾರೆ. ಹೆಸರಿಟ್ಟವರೂ ಕೊಡೆಯನ್ನು ಬಿಟ್ಟು ಕಾಲನ್ನೇ ಹಿಡಿದಿದ್ದಾರೆ.

ಆ ಬೇರು ಎಲ್ಲಿಗೆ ಹೋಗುತ್ತದೆ ಅನ್ನುವುದು ಕಾಡಿನ ದೊಡ್ಡ ಕಥೆಗಳಲ್ಲಿ ಒಂದು. ಒರಲೆ, ಅಂದರೆ ಗೆದ್ದಲು, ಮರವನ್ನು ತಿನ್ನುತ್ತದೆ ಅಂತ ನಾವು ತಿಳಿದಿದ್ದೇವೆ. ಹುತ್ತ ಕಟ್ಟುವ ನಮ್ಮ ಒರಲೆಗಳಿಗೆ ಒಣ ಕಟ್ಟಿಗೆಯನ್ನೂ ದರಗನ್ನೂ ಪೂರ್ತಿ ಜೀರ್ಣಿಸಿಕೊಳ್ಳುವುದು ಸುಲಭವಲ್ಲ. ಅವು ಅದನ್ನು ಅಗಿದು ಹುತ್ತದೊಳಗೆ ಒಯ್ದು, ತಮ್ಮ ಹಿಕ್ಕೆಯಿಂದಲೇ ಮಿದುಳಿನ ಮಡಿಕೆಗಳಂತೆ ಕಾಣುವ ಗೂಡು ಕಟ್ಟುತ್ತವೆ. ಆ ಗೂಡಿನ ಮೇಲೆ ಶಿಲೀಂಧ್ರ ಬೆಳೆಯುತ್ತದೆ. ಸಾಸಿವೆಗಿಂತ ಸಣ್ಣ ಬಿಳಿ ಮಣಿಗಳು ಮೂಡುತ್ತವೆ. ಒರಲೆಗೆ ಅದು ಊಟ. ಶಿಲೀಂಧ್ರ ಹಣ್ಣು ಮಾಡಿಕೊಟ್ಟ ಕಟ್ಟಿಗೆಯೂ ಊಟ. ಈ ಬೇಸಾಯ ಆಫ್ರಿಕಾದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಶುರುವಾಯಿತು ಅನ್ನುತ್ತಾರೆ ವಿಜ್ಞಾನಿಗಳು. ಮನುಷ್ಯ ಬಿತ್ತಲು ಕಲಿತು ಹನ್ನೆರಡು ಸಾವಿರ ವರ್ಷವೂ ಆಗಿಲ್ಲ.

ಮಳೆ ಬಿದ್ದು ಹುತ್ತದ ಒಳಗೆ ತೇವ ತುಂಬಿದಾಗ ಅದೇ ಶಿಲೀಂಧ್ರ ಗೂಡಿನಿಂದ ಮೇಲಕ್ಕೆ ಏಳುತ್ತದೆ. ಗಟ್ಟಿ ಮಣ್ಣನ್ನು ಸೀಳಬೇಕಲ್ಲ, ಅದಕ್ಕೇ ಅದರ ನೆತ್ತಿಯಲ್ಲಿ ಮೊಳೆಯಂಥ ಚೂಪು ತುದಿ. ಕೊಡೆ ಪೂರ್ತಿ ಬಿಚ್ಚಿದ ಮೇಲೂ ನಡುವೆ ಆ ಮೊನೆ ಉಳಿಯುತ್ತದೆ. ಬೆರಳಿಟ್ಟು ನೋಡಿದರೆ ಗಟ್ಟಿಯಾಗಿ ತಾಗುತ್ತದೆ. ಫ್ರಾನ್ಸಿನ ರೋಜರ್ ಹೈಮ್ 1942ರಲ್ಲಿ ಈ ಕುಲಕ್ಕೆ ಟರ್ಮಿಟೊಮೈಸಿಸ್ ಅಂತ ಹೆಸರಿಟ್ಟರು, ಗೆದ್ದಲ ಶಿಲೀಂಧ್ರ ಅಂತ ಅರ್ಥ. ಆಫ್ರಿಕಾದ ಒಂದು ಜಾತಿಯ ಕೊಡೆ ಒಂದು ಮೀಟರ್‌ವರೆಗೂ ಹರಡುತ್ತದಂತೆ. ಇನ್ನೊಂದು ತುದಿಗೆ ನಮ್ಮ ನುಚ್ಚಣಬೆ. ಕೆಲವು ಕಡೆ ಅಕ್ಕಿ ಅಣಬೆ ಅಂತಲೂ ಕರೆಯುತ್ತಾರೆ. ಉಗುರಿನಷ್ಟೇ ಕೊಡೆ, ರಾತ್ರಿ ಬೆಳಗಾಗುವುದರೊಳಗೆ ನೆಲಕ್ಕೆ ನುಚ್ಚು ಚೆಲ್ಲಿದ ಹಾಗೆ ಸಾವಿರಗಟ್ಟಲೆ. ಇದಕ್ಕೆ ಉದ್ದ ಬೇರಿಲ್ಲ. ಒರಲೆಗಳೇ ಹಳೆಯ ಗೂಡಿನ ಚೂರುಗಳನ್ನು ನೆಲದ ಮೇಲೆ ತಂದು ಹರಡಿರುತ್ತವೆ, ಅದು ಆ ಚೂರುಗಳ ಮೇಲೆ ಏಳುತ್ತದೆ. ಹಾಗಾಗಿ ಬೇರು ಇಲ್ಲ ಎಂದ ಮಾತ್ರಕ್ಕೆ ಬೇಡ ಅನ್ನುವ ನಿಯಮ ಇಲ್ಲಿ ನಡೆಯುವುದಿಲ್ಲ. ಒಂದೊಂದು ಅಣಬೆಗೂ ಅದರದ್ದೇ ಲೆಕ್ಕ.

ಕನ್ನಡನಾಡಿನೊಳಗೇ ಅಣಬೆಯ ಹೆಸರು ಹೇಗೆಲ್ಲ ಬದಲಾಗುತ್ತದೆ ನೋಡಿ. ಮಲೆನಾಡಿನ ಬಾಯಲ್ಲಿ ಅಳಬೆ, ತುಳುವಿನಲ್ಲಿ ಲಾಂಬು, ಕೊಂಕಣಿಯಲ್ಲಿ ಅಳಂಬೆ, ಕೊಡವರಲ್ಲಿ ಕುಮ್ಮ್. ಕಕ್ಕಡ ತಿಂಗಳಲ್ಲಿ, ಗದ್ದೆ ಕೆಲಸದ ನಡುವೆ, ಕೊಡಗಿನ ಅಡುಗೆಮನೆಗೆ ಕಣಿಲೆ ಮತ್ತು ಏಡಿಯ ಜೊತೆ ಕುಮ್ಮ್ ಬರದಿದ್ದರೆ ಮಳೆಗಾಲ ಪೂರ್ತಿಯಾಗುವುದಿಲ್ಲ. ತಿನ್ನಬಾರದ್ದಕ್ಕೆಲ್ಲ ಒಟ್ಟಾಗಿ ನಾಯಿಕೊಡೆ ಅಂದುಬಿಡುತ್ತೇವೆ. ಈ ಒಂದು ಹೆಸರಿನ ಬಗ್ಗೆ ನನಗೆ ತಕರಾರಿದೆ. ತಿನ್ನುವ ನಾಲ್ಕಕ್ಕೆ ನಲವತ್ತು ಹೆಸರು, ಕೊಲ್ಲಬಲ್ಲದ್ದಕ್ಕೆ ಮಾತ್ರ ಪ್ರತ್ಯೇಕ ಹೆಸರೇ ಇಲ್ಲ. ಹೆಸರಿಲ್ಲದ್ದನ್ನು ಮಕ್ಕಳಿಗೆ ತೋರಿಸಿಕೊಡುವುದು ಹೇಗೆ?

ನನಗೆ ಇದು ತಟ್ಟಿದ್ದು ಬೆಂಗಳೂರಿನಲ್ಲಿ. ಒಂದು ಸೆಪ್ಟೆಂಬರ್, ಎರಡು ದಿನ ಸುರಿದ ಮಳೆಯ ಮರುದಿನ, ನಾವಿದ್ದ ಬಡಾವಣೆಯ ಪಾರ್ಕಿನ ಹುಲ್ಲಿನ ಮೇಲೆ ತಟ್ಟೆಯಗಲದ ಬಿಳಿ ಕೊಡೆಗಳು ಬಳೆಯ ಹಾಗೆ ಸುತ್ತು ಹಾಕಿ ನಿಂತಿದ್ದವು. ನೆತ್ತಿಯಲ್ಲಿ ಕಂದು ಚಕ್ಕೆಗಳು. ಊರಿನ ನೆನಪು ಉಕ್ಕಿ ಬಂತು. ಕಿತ್ತು ತಂದು, ಈರುಳ್ಳಿ ಮೆಣಸು ಹಾಕಿ ಹುರಿದು, ಮನೆಯಲ್ಲಿ ಮೂವರೂ ತಿಂದೆವು. ಎರಡು ಗಂಟೆ ಕಳೆಯುವುದರೊಳಗೆ ವಾಂತಿ ಶುರುವಾಯಿತು. ರಾತ್ರಿಯಿಡೀ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದೆವು. ಮರುದಿನ ಸಂಜೆ ಮನೆಗೆ ಬಂದಾಗ ಅಡುಗೆ ಕಟ್ಟೆಯ ಮೇಲೆ, ಹಾಸಿದ್ದ ಪತ್ರಿಕೆಯ ಹಾಳೆಯ ಮೇಲೆ, ಒಂದು ಕೊಡೆ ಹಾಗೇ ಉಳಿದಿತ್ತು. ಎತ್ತಿದೆ. ಕೆಳಗೆ ಕಾಗದದ ಬಿಳಿ ಅಂಚಿನಲ್ಲಿ ಮಾಸಲು ಹಸಿರು ಪುಡಿ, ಚಕ್ರದ ಕಡ್ಡಿಗಳ ಹಾಗೆ ಗೆರೆಗೆರೆಯಾಗಿ ಉದುರಿತ್ತು.

ಆ ಹಸಿರು ಪುಡಿ ಅದರ ಸಹಿ. ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಎನ್ನುವ ಈ ಅಣಬೆ ಬಿಸಿಲುನಾಡುಗಳ ಹುಲ್ಲುಹಾಸುಗಳಲ್ಲೆಲ್ಲ ಏಳುತ್ತದೆ. ಜನ ಹೆಚ್ಚಾಗಿ ಮೋಸಹೋಗುವ ವಿಷದಣಬೆಗಳಲ್ಲಿ ಇದೊಂದು. ಎಳೆಯದಿದ್ದಾಗ ಕೊಡೆಯ ಒಳಮೈಯ ಪದರುಗಳು, ವಿಜ್ಞಾನದಲ್ಲಿ ಕಿವಿರು ಅನ್ನುತ್ತಾರೆ, ಅಚ್ಚ ಬಿಳಿ. ಬಲಿತ ಮೇಲಷ್ಟೇ ಹಸಿರು ತಿರುಗುತ್ತವೆ. ಅಂದರೆ ನಮ್ಮ ಆಸೆ ಹೆಚ್ಚಾಗಿರುವ ಹೊತ್ತಿನಲ್ಲೇ ಅದು ತನ್ನ ಗುರುತು ಕೊಡುವುದಿಲ್ಲ. ಕಾಲಿನ ಮೇಲಿನ ಉಂಗುರ ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಸರಿಸಿದರೆ ಸರಿಯುತ್ತದೆ. ಬುಡದಲ್ಲಿ ಹುತ್ತಕ್ಕಿಳಿಯುವ ಬೇರಿಲ್ಲ. ಅತ್ತೆಯ ಮಾತು ನೆನಪಿದ್ದಿದ್ದರೆ ಪಾರ್ಕಿನ ಮಣ್ಣು ನಾಲ್ಕು ಬೆರಳು ಕೆದಕಿದ್ದರೂ ಸಾಕಿತ್ತು. ನಾನು ಬುಡ ನೋಡಲಿಲ್ಲ, ಊರಿನ ನೆನಪನ್ನು ನಂಬಿ ಕಿತ್ತೆ.

ಅಂದಿನಿಂದ ಅಚ್ಚು ತೆಗೆಯದೆ ಯಾವ ಹೊಸ ಅಣಬೆಯ ಹೆಸರನ್ನೂ ಹೇಳುವುದಿಲ್ಲ. ಕೆಲಸ ಸುಲಭ. ಅರಳಿದ ಕೊಡೆಯ ಕಾಲನ್ನು ಕತ್ತರಿಸಿ, ಕಿವಿರು ಕೆಳಮುಖವಾಗುವಂತೆ ಕಾಗದದ ಮೇಲಿಟ್ಟು, ಬಟ್ಟಲು ಮುಚ್ಚಿ ರಾತ್ರಿ ಬಿಡುವುದು. ಬಿಳಿ ಪುಡಿ ಬಿಳಿ ಹಾಳೆಯ ಮೇಲೆ ಕಾಣುವುದಿಲ್ಲವಾದ್ದರಿಂದ ಅರ್ಧ ಬಿಳಿ ಅರ್ಧ ಕಪ್ಪು ಕಾಗದ ಇಟ್ಟರೆ ಒಳ್ಳೆಯದು. ಬೆಳಿಗ್ಗೆ ಬಟ್ಟಲು ಎತ್ತಿದಾಗ ಲಕ್ಷಾಂತರ ಬೀಜಕಗಳು ಉದುರಿ ಬರೆದ ಚಿತ್ರ ಇರುತ್ತದೆ. ಹೆಗ್ಗಾಲಣಬೆಯದು ತಿಳಿ ಗುಲಾಬಿ, ನಾವು ದಿನವೂ ಅಂಗಡಿಯಿಂದ ತರುವ ಬಟನ್ ಅಣಬೆಯದು ಗಾಢ ಕಂದು, ಕೊಲ್ಲಬಲ್ಲ ಜಾತಿಗಳಿರುವ ಅಮಾನಿಟ ಕುಲದ್ದು ಬಿಳಿ. ಗುಲಾಬಿ ಬಂತು ಅಂತ ಒಲೆ ಹಚ್ಚಬೇಡಿ. ಎಂಟೊಲೋಮ ಅನ್ನುವ ಕುಲದ್ದೂ ಗುಲಾಬಿಯೇ, ಅದರಲ್ಲಿ ವಿಷದವು ಇವೆ. ಒಂದು ಗುರುತು ಯಾವತ್ತೂ ಸಾಲದು. ನೆಲ, ಬುಡ, ಕಾಲು, ಕಿವಿರು, ಪುಡಿಯ ಬಣ್ಣ, ವಾಸನೆ, ಕತ್ತರಿಸಿದಾಗಿನ ತಿರುಳು, ಎಲ್ಲವೂ ಒಂದೇ ಹೆಸರು ಹೇಳಬೇಕು. ಒಂದು ತಪ್ಪಿದರೂ ಬಿಟ್ಟುಬಿಡಬೇಕು.

ಕರಾವಳಿಯ ಕಲ್ಲಣಬೆಯಲ್ಲಂತೂ ಕೊಡೆಯೂ ಇಲ್ಲ, ಕಾಲೂ ಇಲ್ಲ. ಮುಂಗಾರಿನ ಮೊದಲ ಮಳೆಗಳಿಗೆ ದಕ್ಷಿಣ ಕನ್ನಡ, ಉಡುಪಿಯ ಮುರಕಲ್ಲು ನೆಲದ ಹಾಡಿಗಳಲ್ಲಿ, ಮಣ್ಣಿನ ಪದರದ ಕೆಳಗೇ ಗೋಲಿಯಿಂದ ನೆಲ್ಲಿಕಾಯಿ ಗಾತ್ರದ ಉಂಡೆಗಳು ಅಡಗಿರುತ್ತವೆ. ಮೇಲಿನಿಂದ ಏನೂ ಕಾಣದು. ಕಣ್ಣು ಪಳಗಿದವರು ಒಣಗಿದ ಎಲೆ ಸರಿಸಿ, ಮಣ್ಣು ಸಣ್ಣಗೆ ಬಿರಿದಿರುವುದನ್ನು ನೋಡಿ ಕಡ್ಡಿಯಿಂದ ಕೆದಕಿ ಎಬ್ಬಿಸುತ್ತಾರೆ. ಆಸ್ಟ್ರಿಯಸ್ ಕುಲದ ಈ ಶಿಲೀಂಧ್ರ ಮರದ ಬೇರಿನ ಜೊತೆ ಕೊಡುಕೊಳ್ಳುವಿಕೆ ಇಟ್ಟುಕೊಂಡು ಬದುಕುತ್ತದೆ. ಬೇರಿಗೆ ನೀರು, ಖನಿಜ ಒದಗಿಸಿ, ಮರದಿಂದ ಸಕ್ಕರೆ ಪಡೆಯುತ್ತದೆ. ಆ ಮರ ಹೋದರೆ ಅಣಬೆಯೂ ಹೋಯಿತು. ಹಾಗಾಗಿಯೇ ಯಾರೂ ಅದನ್ನು ಶೆಡ್ಡಿನಲ್ಲಿ ಬೆಳೆದು ಮಾರುತ್ತಿಲ್ಲ, ಮತ್ತು ಮಾರುಕಟ್ಟೆಗೆ ಬಂದ ದಿನ ಬೆಲೆ ಕೇಳಿದರೆ ಕೋಳಿ ಕುರಿ ಅಗ್ಗ ಅನ್ನಿಸುತ್ತದೆ.

ಕಲ್ಲಣಬೆಯ ಗುರುತು ಇರುವುದು ಚಾಕುವಿನ ತುದಿಯಲ್ಲಿ. ಕಾರ್ಕಳದ ಕಡೆಯ ಗೆಳೆಯರ ಮನೆಯಲ್ಲಿ ಒಮ್ಮೆ ಮೊರದ ತುಂಬ ಕಲ್ಲಣಬೆ ಹರಡಿಕೊಂಡು ಕೂತಿದ್ದರು. ಮೂರು ನಾಲ್ಕು ನೀರಲ್ಲಿ ಮಣ್ಣು ತೊಳೆದದ್ದು. ಗೆಳೆಯರ ತಾಯಿ ಒಂದೊಂದನ್ನೂ ಬೆರಳಲ್ಲಿ ಹಿಡಿದು ನೆತ್ತಿಯಿಂದ ಬುಡಕ್ಕೆ ಸೀಳುತ್ತಿದ್ದರು. ಒಳಗೆ ತೆಂಗಿನ ತಿರುಳಿನಷ್ಟು ಬಿಳಿ ಇದ್ದರೆ ಪಾತ್ರೆಗೆ. ನಡುವೆ ಕಪ್ಪು ಛಾಯೆ ಕಂಡರೆ ಪಕ್ಕಕ್ಕೆ. ಬಲಿತದ್ದರ ಒಳಗೆ ಪೂರ್ತಿ ಕಪ್ಪು ಹುಡಿ. ಇದು ರುಚಿಯ ಪರೀಕ್ಷೆ ಅಂದುಕೊಂಡಿದ್ದೆ, ಅದು ಜೀವದ ಪರೀಕ್ಷೆಯೂ ಹೌದು. ಇದರಂತೆಯೇ ಉಂಡೆಯಾಗಿ ಏಳುವ ಸ್ಕ್ಲಿರೋಡರ್ಮ ಎಂಬ ಇನ್ನೊಂದಿದೆ. ಒಳಗೆ ಬೇಗ ನೇರಳೆಗಪ್ಪು ತಿರುಗುವ ಅದು ಹೊಟ್ಟೆ ಕೆಡಿಸುತ್ತದೆ. ಅಮಾನಿಟದ ಮರಿಯೂ ಮೊದಲು ಬಿಳಿ ಮೊಟ್ಟೆಯಂತೆ ಕಾಣುತ್ತದೆ. ಅದನ್ನು ಉದ್ದಕ್ಕೆ ಸೀಳಿದರೆ ಒಳಗೆ ಮಡಚಿಟ್ಟ ಪುಟ್ಟ ಕೊಡೆ, ಕಾಲು, ಕಿವಿರಿನ ಗೆರೆಗಳು, ಬಸಿರಿನ ಚಿತ್ರದ ಹಾಗೆ ಸ್ಪಷ್ಟ. ಕಲ್ಲಣಬೆಯೊಳಗೆ ಯಾವ ಚಿತ್ರವೂ ಇರುವುದಿಲ್ಲ, ಒಂದೇ ಸಮ ಬಿಳಿ. ಇಡಿಯಾಗಿ ಬೇಯಿಸದೆ ಸೀಳಿ ಬೇಯಿಸುವ ರೂಢಿ ಮಾಡಿದ ಆ ಹಿಂದಿನವರನ್ನು ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಅಮಾನಿಟದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಜಗತ್ತಿನಲ್ಲಿ ಅಣಬೆ ತಿಂದು ಸಾಯುವವರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಈ ಕುಲದ ಕೆಲವು ಜಾತಿಗಳು, ಅದರಲ್ಲೂ ಅಮಾನಿಟ ಫ್ಯಾಲಾಯ್ಡಿಸ್. ಅದರ ಕ್ರೌರ್ಯ ಇರುವುದು ಅದು ಕಾಯುವ ಹೊತ್ತಿನಲ್ಲಿ. ತಿಂದ ಆರು ಗಂಟೆ, ಕೆಲವೊಮ್ಮೆ ಹನ್ನೆರಡು ಗಂಟೆ ಏನೂ ಆಗುವುದಿಲ್ಲ. ಆಮೇಲೆ ವಾಂತಿ ಭೇದಿ. ಮರುದಿನ ಕಡಿಮೆಯಾದಂತೆ ಕಾಣುತ್ತದೆ. ಗುಣವಾಯಿತು ಅಂತ ಮನೆಗೆ ಕರೆತಂದುಬಿಡುತ್ತಾರೆ. ಒಳಗೆ ಅಮಾಟಾಕ್ಸಿನ್ ಯಕೃತ್ತಿನ ಜೀವಕೋಶಗಳು ಪ್ರೋಟೀನ್ ಕಟ್ಟುವ ಕೆಲಸವನ್ನೇ ಬುಡದಲ್ಲಿ ನಿಲ್ಲಿಸಿರುತ್ತದೆ. ಮೂರನೆಯ ನಾಲ್ಕನೆಯ ದಿನ ಕಣ್ಣು ಹಳದಿ ತಿರುಗುವ ಹೊತ್ತಿಗೆ ಕೆಲವರಿಗೆ ಯಕೃತ್ತಿನ ಕಸಿಯೊಂದೇ ದಾರಿ. ಈ ವಿಷ ಕುದಿಸಿದರೂ ಹೋಗದು, ಒಣಗಿಸಿದರೂ ಹೋಗದು. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕೆಲವೇ ದಿನಗಳಲ್ಲಿ 13 ಜನ ಕಾಡಣಬೆ ತಿಂದು ಸತ್ತರು. ಚಹಾ ತೋಟಗಳ ಕೂಲಿ ಕುಟುಂಬದವರೇ ಹೆಚ್ಚು. ಅವರಿಗೆ ಅದು ಹಸಿವಿಗೆ ಆಸರೆಯಾಗಿದ್ದ ಪಲ್ಯ.

ಪರದೇಶಕ್ಕೆ ಹೋದ ನಮ್ಮವರಿಗೂ ಇದೊಂದು ಮಾತು ತಲುಪಬೇಕು. ಫ್ಯಾಲಾಯ್ಡಿಸ್ ಮೂಲತಃ ಯುರೋಪಿನದು. ನೆಟ್ಟ ಮರಗಳ ಬೇರಿನ ಜೊತೆ ಕ್ಯಾಲಿಫೋರ್ನಿಯಾಕ್ಕೂ ಆಸ್ಟ್ರೇಲಿಯಾಕ್ಕೂ ಹೋಗಿ ಅಲ್ಲಿ ಓಕ್ ಮರಗಳ ಕೆಳಗೆ ನೆಲೆಯೂರಿದೆ. 2016ರ ಡಿಸೆಂಬರ್‌ನಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ 14 ಜನ ಅದನ್ನು ತಿಂದು ಆಸ್ಪತ್ರೆ ಸೇರಿದರು, ಮೂವರಿಗೆ ಯಕೃತ್ತಿನ ಕಸಿ ಮಾಡಬೇಕಾಯಿತು. ಏಷ್ಯಾದಿಂದ ಹೋದವರು ಇದನ್ನು ಮನೆಯಲ್ಲಿ ತಿಂದು ಬೆಳೆದ ಭತ್ತದ ಹುಲ್ಲಣಬೆ ಅಂದುಕೊಂಡು ಮೋಸಹೋದದ್ದುಂಟು. ಹುಲ್ಲಣಬೆಗೂ ಬುಡದಲ್ಲಿ ಚೀಲವಿದೆ, ನೋಡಲು ಮರಿಯೂ ಒಂದೇ ಥರ. ಅದರ ಅಚ್ಚು ಗುಲಾಬಿ, ಇದರದ್ದು ಬಿಳಿ. ಊರಲ್ಲಿ ಕಲಿತದ್ದು ಊರಿನ ನೆಲಕ್ಕೆ ಮಾತ್ರ ಸಾಕ್ಷಿ.

ಇನ್ನು ಬೆಳ್ಳಿ ನಾಣ್ಯದ ಪರೀಕ್ಷೆ, ಬೆಳ್ಳುಳ್ಳಿ ಕಪ್ಪಾಗುವ ಪರೀಕ್ಷೆ, ಅರಿಶಿನ ಹಾಕಿದರೆ ವಿಷ ಮುರಿಯುತ್ತದೆ ಅನ್ನುವುದು, ಹುಳ ತಿಂದಿದ್ದರೆ ನಾವೂ ತಿನ್ನಬಹುದು ಅನ್ನುವುದು, ಸಿಪ್ಪೆ ಸುಲಿಯಲು ಬಂದರೆ ಒಳ್ಳೆಯದು ಅನ್ನುವುದು ಎಲ್ಲ ಸುಳ್ಳು. ಚಿಪ್ಪಿಲ್ಲದ ಬಸವನಹುಳಗಳು ಅಮಾನಿಟವನ್ನು ತಿಂದು ಆರಾಮಾಗಿ ಹರಿದು ಹೋಗುತ್ತವೆ. ಅವುಗಳ ಹೊಟ್ಟೆ ಬೇರೆ. ಈಚೆಗೆ ಇವುಗಳ ಸಾಲಿಗೆ ಫೋನಿನ ಫೋಟೊವೂ ಸೇರಿದೆ. ವಾಟ್ಸ್ಆ್ಯಪ್‌ನಲ್ಲಿ ನನಗೆ ವಾರಕ್ಕೊಂದಾದರೂ ಚಿತ್ರ ಬರುತ್ತದೆ. ಕೊಡೆಯನ್ನು ಮೇಲಿಂದ ತೆಗೆದದ್ದು, ಜೊತೆಗೆ ಒಂದೇ ಪ್ರಶ್ನೆ, ತಿನ್ನಬಹುದಾ? ನಾನು ಉತ್ತರ ಕೊಡುವುದಿಲ್ಲ. ಬುಡವನ್ನು ಮಣ್ಣಿನಲ್ಲೇ ಬಿಟ್ಟು ಬಂದವರಿಗೆ ಯಾವ ಪಂಡಿತನೂ ಯಾವ ಆ್ಯಪ್ಪೂ ಹೇಳಲಾರದು. ತಿಂದು ಯಾರಿಗಾದರೂ ಹೊಟ್ಟೆ ಕೆಟ್ಟರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ. ಉಳಿದ ಅಣಬೆಯೋ ಅದರ ಸಿಪ್ಪೆಯೋ ಇದ್ದರೆ ಕಾಗದದಲ್ಲಿ ಸುತ್ತಿ ಜೊತೆಗೊಯ್ಯಿರಿ. ತಿಂದ ಹೊತ್ತು, ವಾಂತಿ ಶುರುವಾದ ಹೊತ್ತು ಎರಡನ್ನೂ ಡಾಕ್ಟರಿಗೆ ಹೇಳಿ. ನಡುವಿನ ಅಂತರ ಆರು ಗಂಟೆ ದಾಟಿದ್ದರೆ ಅದೇ ದೊಡ್ಡ ಸುಳಿವು.

ತಿನ್ನುವುದೊಂದನ್ನೇ ತಲೆಯಲ್ಲಿಟ್ಟುಕೊಂಡು ಕಾಡಿಗೆ ಹೋದರೆ ಅರ್ಧ ಕಾಡು ಕಾಣುವುದೇ ಇಲ್ಲ. ಬಿದಿರು ಮೆಳೆಯ ಬುಡದಲ್ಲಿ ಬೆಳಗಿನ ಹೊತ್ತು ಜಾಲರಿ ಲಂಗ ತೊಟ್ಟು ನಿಂತ ಅಣಬೆಯನ್ನು ನೋಡಿದ್ದೀರಾ? ಮೊಟ್ಟೆ ಒಡೆದು ಕೆಲವೇ ಗಂಟೆಗಳಲ್ಲಿ ಎದ್ದು, ನೆತ್ತಿಯಿಂದ ಬಿಳಿ ಕಸೂತಿಯನ್ನು ನೆಲಮುಟ್ಟ ಇಳಿಬಿಡುತ್ತದೆ. ತಲೆಯ ಮೇಲಿನ ಕಂದು ಲೋಳೆ ಕೊಳೆತ ಮಾಂಸದ ವಾಸನೆ. ನೊಣಗಳು ಅದನ್ನು ಮೆತ್ತಿಕೊಂಡು ಬೀಜಕ ಹರಡುತ್ತವೆ. ಮಧ್ಯಾಹ್ನಕ್ಕೆ ಕುಸಿದು ಬಿದ್ದಿರುತ್ತದೆ. ಕಡಿದು ಹಾಕಿದ ಮಾವಿನ ದಿಮ್ಮಿಯ ಮೇಲೆ ಬೀಸಣಿಗೆಯಂತೆ ಸಾಲುಗಟ್ಟುವ ಬೂದು ತುಪ್ಪಳದ ಪುಟ್ಟ ಅಣಬೆಯ ಕಿವಿರುಗಳು ಒಂದೊಂದೂ ಉದ್ದಕ್ಕೆ ಸೀಳಿರುತ್ತವೆ, ಒಣಗಿದಾಗ ಸುರುಳಿ ಸುತ್ತಿಕೊಂಡು ಮಳೆಗೆ ಮತ್ತೆ ಬಿಚ್ಚಿಕೊಳ್ಳುತ್ತವೆ. ನಾವು ತಿರುಗಿಯೂ ನೋಡದ ಇದನ್ನು ಮಣಿಪುರದಲ್ಲಿ ಕಾಂಗ್ಲಾಯೆನ್ ಅಂತ ಕರೆದು ಅಕ್ಕರೆಯಿಂದ ತಿನ್ನುತ್ತಾರೆ.

ಅಡಿಕೆ ಬೆಳೆಗಾರರಿಗೆ ಮಾತ್ರ ಒಂದು ಅಣಬೆ ಕಂಡರೆ ಎದೆ ಧಸಕ್ಕೆನ್ನುತ್ತದೆ. ಸೋಗೆ ಹಳದಿ ತಿರುಗಿ ಜೋಲುತ್ತದೆ, ಕಾಂಡದ ಬುಡದಿಂದ ಕಂದು ರಸ ಒಸರುತ್ತದೆ, ಕೊನೆಗೆ ಬುಡದಲ್ಲಿ ಅರಗು ಬಳಿದಂತೆ ಹೊಳೆಯುವ ಗಟ್ಟಿ ಹಲಗೆಯೊಂದು ಮೂಡುತ್ತದೆ. ಅದು ಗ್ಯಾನೋಡರ್ಮ. ರೋಗಕ್ಕೇ ಅಣಬೆ ರೋಗ ಅಂತ ಹೆಸರು. ಅಣಬೆ ಕಂಡ ದಿನ ಆ ಮರ ಹೋಯಿತು ಅಂತಲೇ ಲೆಕ್ಕ, ಸುತ್ತ ಕಂದಕ ತೋಡಿ ಪಕ್ಕದ ಮರ ಉಳಿಸಿಕೊಳ್ಳಲು ನೋಡುತ್ತಾರೆ. ಇಲ್ಲಿಯೂ ಗುರುತು ಸಿಕ್ಕುವುದು ಬುಡದಲ್ಲೇ.

ಸೊಪ್ಪಿನ ಬೆಟ್ಟದ ಆ ಹುತ್ತ ಈಗಿಲ್ಲ. ಹೊಸ ತೋಟಕ್ಕೆ ದಾರಿ ಮಾಡುವಾಗ ಜೆಸಿಬಿ ಅದರ ಮೇಲೇ ಹೋಯಿತು. ಹೊರಗೆ ಹುತ್ತ ಹೋದರೂ ಒಳಗೆ ಗೂಡು ಉಳಿದಿದ್ದರೆ ಅಣಬೆ ಮತ್ತೆ ಏಳಬಹುದು ಅಂತ ಎರಡು ವರ್ಷ ಕಾದೆವು, ಏಳಲಿಲ್ಲ. ಹೊಸದಾಗಿ ನೆಲೆ ಹೂಡುವ ಒರಲೆಗಳಲ್ಲಿ ಹೆಚ್ಚಿನವು ತಮ್ಮ ಶಿಲೀಂಧ್ರದ ಬಿತ್ತನೆಯನ್ನು ಹೊರಗೆ ಅರಳಿದ ಅಣಬೆಯ ಬೀಜಕದಿಂದಲೇ ತಂದುಕೊಳ್ಳಬೇಕು. ಅತ್ತೆ ಪ್ರತಿ ಸಲ ಪೂರ್ತಿ ಅರಳಿದ ನಾಲ್ಕೈದನ್ನು ಕೀಳದೆ ಬಿಡುತ್ತಿದ್ದರು. ಯಾಕೆ ಅಂತ ಕೇಳಿದರೆ ಅದು ಅದಕ್ಕೇ ಇರಲಿ ಅನ್ನುತ್ತಿದ್ದರು.

ಅವರಿಗೆ ಈಗ ಮಂಡಿ ನೋವು, ಗುಡ್ಡ ಹತ್ತುವುದಿಲ್ಲ. ಈ ಸಲ ಆರಿದ್ರಾ ಮಳೆಗೆ ನಾನೊಬ್ಬನೇ ಹೋದೆ. ಹಾಡಿಯ ಅಂಚಿನಲ್ಲಿ, ಇಂಬಳ ಬಿಡಿಸಿಕೊಳ್ಳಲು ಬಗ್ಗಿದಾಗ, ಅಂಗೈಯಗಲದ ಬಿಳಿ ಕೊಡೆಯೊಂದು ಕಂಡಿತು. ನೆತ್ತಿಯಲ್ಲಿ ಸಣ್ಣ ಉಬ್ಬೂ ಇತ್ತು. ಮನೆಗೆ ಬಂದು ಫೋನ್ ಮಾಡಿದೆ. ಎಷ್ಟು ದೊಡ್ಡದು, ಬಣ್ಣ ಯಾವುದು ಅಂತ ಏನೂ ಕೇಳಲಿಲ್ಲ ಅತ್ತೆ.

“ಬುಡ ಹೆಂಗಿತ್ತು?”

“ಗುಂಡಗಿತ್ತು ಅತ್ತೆ. ಬೇರಿರಲಿಲ್ಲ.”

“ಮತ್ತೆ?”

“ದರಗು ಮುಚ್ಚಿ ಬಂದೆ.”

“ಹ್ಞೂಂ. ಕೈ ತೊಳ್ಕಂಡ್ಯಾ?” ಅಂದರು.